ಎರಡಿಂಚು ಕಳೆದು

ಹೊಟ್ಟೆಕಿಚ್ಚು ಎನ್ನುವುದು ನನ್ನ ಜಾತಕದಲ್ಲೇ ಇಲ್ಲ. ನಾನು ಹೇಳುತ್ತಾ ಹೋಗುತ್ತೇನೆ, ನನ್ನ ಸೊಸೆ ಬರೆದುಕೊಳ್ಳುತ್ತಾಳೆ. ಮೊದಲ ಸಾಲು ಇದೇ ಆಗಲಿ ಎಂದೆ. ಅವಳು ಪೆನ್ನು ಎತ್ತಿ ನನ್ನ ಮುಖ ನೋಡಿದಳು.

“ಅತ್ತೆ, ನಿಜವಾಗ್ಲೂ ಹೀಗೇ ಬರೀಲಾ?”

“ಬರಿ. ಸುಳ್ಳೋ ನಿಜವೋ ಓದೋರಿಗೆ ಮುಂದೆ ಹೇಗೂ ಗೊತ್ತಾಗುತ್ತೆ.”

ಅವಳು ನಕ್ಕಳು. ಈಗ ವಿಷಯಕ್ಕೆ ಬರುತ್ತೇನೆ. ವಿಷಯ ಎಂದರೆ ನನ್ನ ಓರಗಿತ್ತಿ, ಮೈದುನನ ಹೆಂಡತಿ. ನಾವಿಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದವರು. ಆ ಮನೆಯೋ, ವಠಾರದ ಸಾಲಿನಲ್ಲಿ ಒಂದು. ಎರಡು ಕೋಣೆ, ಒಂದು ಅಡುಗೆಮನೆ, ಒಂಬತ್ತು ಜನ. ಕಿಟಕಿ ಇದ್ದ ಕೋಣೆ ಹಿರಿಯ ಸೊಸೆ ನನಗೆ. ಡಬ್ಬಿ, ಮೂಟೆ, ಮುರಿದ ಕುರ್ಚಿ ಇಡುತ್ತಿದ್ದ ಕೋಣೆ ಅವಳಿಗೆ. ಇದನ್ನು ಯಾರೂ ಪಂಚಾಯಿತಿ ಸೇರಿಸಿ ತೀರ್ಮಾನಿಸಿದ್ದಲ್ಲ. ನಾನು ಮೊದಲು ಬಂದೆ, ಹಾಸಿಗೆ ಹಾಸಿದೆ, ಅಷ್ಟೆ. ಇಪ್ಪತ್ತೆರಡು ವರ್ಷ ಅದು ಹಾಗೇ ನಡೆಯಿತು.

ಆಮೇಲೆ ಕಾಲ ತಿರುಗಿತು. ನನ್ನ ಮಗನಿಗೆ ಈ ದೇಶದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಸಿಕ್ಕಿತು. ಮರುವರ್ಷ ಅವಳ ಮಗನಿಗೂ ಇದೇ ಊರಲ್ಲಿ ಲಾರಿ ಓಡಿಸುವ ಕೆಲಸ ಸಿಕ್ಕಿತು. ಇಬ್ಬರು ಮಕ್ಕಳೂ ಗಂಟುಮೂಟೆ ಕಟ್ಟುವಾಗ ನಮ್ಮನ್ನೂ ಸೇರಿಸಿಯೇ ಕಟ್ಟಿಕೊಂಡು ವಿಮಾನ ಹತ್ತಿದರು.

ನಮ್ಮ ಮನೆ ನಾಲ್ಕನೇ ಮಹಡಿಯಲ್ಲಿದೆ. ಎರಡು ಕೋಣೆ. ಅಡುಗೆಮನೆಯಲ್ಲಿ ರಸ್ತೆಯ ಕಡೆಗೆ ಒಂದೇ ಒಂದು ಕಿಟಕಿ. ಫ್ರಿಜ್ಜಿನ ಬಾಗಿಲು ತೆಗೆದರೆ ಬಚ್ಚಲುಮನೆ ಬಾಗಿಲು ತೆಗೆಯಲು ಬರುವುದಿಲ್ಲ. ಮಗ ಸ್ನಾನಕ್ಕೆ ಹೋದಾಗ ಯಾರಾದರೂ ಹಾಲು ತೆಗೆಯಲು ನಿಂತರೆ ಅವನು ಒಳಗೇ ಬಂದಿ. ಹಾಗಂತ ನಾನೇನೂ ಕೊರಗಿರಲಿಲ್ಲ. ಓರಗಿತ್ತಿಯೂ ಎರಡು ಕೋಣೆಯ ಮನೆಯಲ್ಲೇ ಇದ್ದಳಲ್ಲ, ಮನಸ್ಸು ತಂಪಾಗಿತ್ತು.

ಹೋದ ವರ್ಷ ಅವಳ ಮಗ ಊರ ಅಂಚಿನಲ್ಲಿ ಮನೆ ಕೊಂಡ.

“ನೋಡೋಣ ಬನ್ನಿ ಅಕ್ಕ” ಎಂದು ಫೋನು ಬಂತು. “ಏನೋ, ನಮಗೆ ತಕ್ಕಂಗೆ ಒಂದು ಪುಟ್ಟ ಮನೆ.”

ಆ ‘ಪುಟ್ಟ’ ಎನ್ನುವಾಗಿನ ಅವಳ ದನಿ ಕೇಳಿಯೇ ನನಗೆ ಅನುಮಾನ ಬಂದಿತ್ತು. ನಮ್ಮ ಯಜಮಾನರ ಹತ್ತಿರ ಹೇಳಿದೆ: “ಮನೆ ಎಷ್ಟೇ ದೊಡ್ಡದಿರಲಿ, ನಾನು ಮಾತ್ರ ಹೊಟ್ಟೆ ಉರ್ಕೊಳಲ್ಲ.”

“ಅಳತೆ ತಗೊಳ್ಳದೆ ಬಟ್ಟೆ ಕತ್ತರಿಸ್ಬೇಡ ಕಣೇ” ಎಂದರು.

ನಮ್ಮವರು ದರ್ಜಿ. ಐವತ್ತು ವರ್ಷ ಮಷೀನು ತುಳಿದವರು. ಅಳತೆ ಟೇಪು ಅವರ ಕೊರಳಲ್ಲಿ ಯಾವಾಗಲೂ ಇರಬೇಕು. ವಿಮಾನ ನಿಲ್ದಾಣದಲ್ಲಿ ಅದನ್ನು ತೆಗೆಸಿದಾಗ ಅಂಗಿ ಬಿಚ್ಚಿಸಿದಷ್ಟು ನಾಚಿಕೊಂಡರು. ಆ ಟೇಪಿನ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಅದರ ತುದಿಯ ಎರಡಿಂಚು ಸವೆದು ಹರಿದುಹೋಗಿದೆ. ಹಾಗಾಗಿ ಟೇಪು ಎಷ್ಟು ತೋರಿಸಿದರೂ ಅದರಲ್ಲಿ ಎರಡು ಕಳೆಯಬೇಕು. ಹೊಸದು ತೆಗೆದುಕೊಳ್ಳಿ ಎಂದರೆ “ಕೈಗೆ ಒಗ್ಗಿದೆ” ಎನ್ನುತ್ತಾರೆ. ನನ್ನ ಬಗ್ಗೆಯೂ ಹಾಗೇ ಹೇಳುತ್ತಾರೆ, ಆ ಮಾತು ಬೇರೆ.

ಎರಡು ಬಸ್ಸು ಬದಲಿಸಿ ಹೋದೆವು. ಮನೆ ನೋಡಿದೆ. ನನ್ನ ಶತ್ರುವಿಗೂ ಅಂಥ ಮನೆ ಬೇಡಪ್ಪಾ. ನನಗೆ ಬೇಕು.

ಮುಂದೆ ಹುಲ್ಲು, ಹಿಂದೆ ಹುಲ್ಲು, ಪಕ್ಕದ ಮನೆ ಎಲ್ಲೋ ಕಣ್ಣಳತೆಯಲ್ಲಿ. ಹಾಲ್‌ನಲ್ಲಿ ಈ ಸೋಫಾದವರು ಆ ಸೋಫಾದವರನ್ನು ಮಾತಾಡಿಸಬೇಕಾದರೆ ಕೂಗಬೇಕು. ಅಡುಗೆಮನೆಯಿಂದ ನಮ್ಮ ತನಕ ಬರುವಷ್ಟರಲ್ಲಿ ಟೀ ಆರಿತ್ತು. ಅಷ್ಟರಮಟ್ಟಿಗೆ ನನಗೆ ಸಮಾಧಾನವಾಯಿತು.

“ಕೈ ತೊಳೆಯೋದು ಎಲ್ಲಮ್ಮಾ?” ಎಂದೆ.

“ಯಾವ ಬಚ್ಚಲಲ್ಲಿ ತೊಳೀತೀರಿ ಅಕ್ಕ? ಮೂರಿದೆ.”

ಅವಳು ಇದನ್ನು ಜಂಬದಿಂದ ಹೇಳಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಪಾಪದ ಮುಖ ಮಾಡಿಕೊಂಡು ಹೇಳಿದಳು. ಅದೇ ಉರಿದದ್ದು.

ಅವಳು ಇನ್ನೊಮ್ಮೆ ಟೀ ಬಿಸಿ ಮಾಡಲು ಹೋದಾಗ ನಾನು ಯಜಮಾನರ ಅಂಗಿ ಜಗ್ಗಿದೆ. “ರೀ, ಏಳಿ. ಮೇಲ್ಗಡೆ ಕೋಣೆ ಅಳೀಬೇಕು.”

“ಯಾಕೆ? ಕೋಣೆಗೆ ಅಂಗಿ ಹೊಲಿಬೇಕಾ?”

“ನಮ್ಮ ಇಡೀ ಮನೆ ಇವರ ಒಂದು ಕೋಣೇಲಿ ಹಿಡಿಸುತ್ತೋ ಇಲ್ವೋ ನಂಗೆ ಗೊತ್ತಾಗ್ಬೇಕು.”

“ಹಿಡಿಸುತ್ತೆ ಬಿಡೇ, ಕಣ್ಣಲ್ಲೇ ಕಾಣ್ತಿದೆ. ನಮ್ಮದು ಟೈಟ್ ಫಿಟ್ಟಿಂಗು, ಇವರದು ಲೂಸು.”

“ನಂಗೆ ಇಂಚು ಲೆಕ್ಕದಲ್ಲಿ ಬೇಕು.”

ಐವತ್ತು ವರ್ಷ ಗಿರಾಕಿಗಳು ಹೇಳಿದಂತೆ ಕೇಳಿದವರು, ಹೆಂಡತಿ ಹೇಳಿದ್ದನ್ನು ಕೇಳದೆ ಇರುತ್ತಾರೆಯೇ. ಮೆಟ್ಟಿಲು ಹತ್ತಿದೆವು. ಅವರು ಕೋಣೆಯೊಳಗೆ ಬಾಗಿಲ ಪಕ್ಕದ ಮೂಲೆಗೆ ಟೇಪು ಹಿಡಿದು ನಿಂತರು. ನಾನು ಇನ್ನೊಂದು ತುದಿ ಎಳೆಯುತ್ತಾ ಹಿಂದೆ ಹಿಂದೆ ಸರಿದೆ. ಕಣ್ಣು ಟೇಪಿನ ಮೇಲೆ, ಕಾಲು ಎಲ್ಲಿಗೆ ಹೋಗುತ್ತಿದೆ ಎಂಬ ಗ್ಯಾನವಿಲ್ಲ. ಹೊಸಿಲು ದಾಟಿ ಹೊರಗೆ ಬಂದಿದ್ದೆ. ಆ ಮನೆಯ ಬಾಗಿಲುಗಳೋ, ತಾವಾಗಿಯೇ ಮುಚ್ಚಿಕೊಳ್ಳುವ ಜಾತಿಯವು. ಧಡ್ ಎಂದು ಮುಚ್ಚಿತು. ಒಳಗೆ ಗಂಡ, ಹೊರಗೆ ನಾನು, ನಡುವೆ ಬಾಗಿಲ ಸಂದಿಯಲ್ಲಿ ಟೇಪು.

ಹಿಡಿ ತಿರುಗಿಸಿದೆ, ತೆರೆಯಲಿಲ್ಲ. ಒಳಗಿನಿಂದ ಅವರೂ ತಿರುಗಿಸುತ್ತಿದ್ದರು. ಬಹುಶಃ ನಾನು ಬಲಕ್ಕೆ, ಅವರು ಎಡಕ್ಕೆ. ಮದುವೆಯಾದಾಗಿನಿಂದ ನಮ್ಮ ಅಭ್ಯಾಸವೇ ಅದು.

“ಟೇಪು ಬಿಡೇ, ಹರಿಯುತ್ತೆ” ಎಂದು ಒಳಗಿನಿಂದ ಕೂಗಿದರು. ಹೆಂಡತಿಯ ಚಿಂತೆಯಿಲ್ಲ, ಟೇಪಿನ ಚಿಂತೆ.

“ಮೆತ್ತಗೆ ಮಾತಾಡ್ರಿ, ಕೆಳಗೆ ಕೇಳ್ಸುತ್ತೆ.”

“ಏನು ಕೇಳ್ಸುತ್ತೆ ಅಕ್ಕ?” ಹಿಂದಿನಿಂದ ದನಿ ಬಂತು.

ತಿರುಗಿ ನೋಡಿದರೆ ಓರಗಿತ್ತಿ. ಕೈಯಲ್ಲಿ ಟೀ ತಟ್ಟೆ. ನಾನು ಬಾಗಿಲ ಸಂದಿಯಿಂದ ಹೊರಟ ಟೇಪನ್ನು ಕರುವಿನ ಹಗ್ಗದಂತೆ ಹಿಡಿದು ನಿಂತಿದ್ದೆ. ಆಚೆಯಿಂದ ಅದು ಜಗ್ಗುತ್ತಿತ್ತು. ಯಾವ ಸುಳ್ಳು ಹೇಳಿದರೂ ನಡೆಯದಂಥ ಹೊತ್ತು. ಆದರೂ ಬಾಯಿ ಸುಮ್ಮನಿರಬೇಕಲ್ಲ.

“ಪರದೆ” ಎಂದೆ. “ನಿನ್ನ ಹೊಸ ಮನೆಗೆ ಪರದೆ ಹೊಲಿದು ಕೊಡೋಣ ಅಂತ ನಿಮ್ಮ ಭಾವನಿಗೆ ಆಸೆ. ನಿಂಗೆ ಗೊತ್ತಾಗ್ದಂಗೆ ಅಳತೆ ತಗೊಳ್ತಿದ್ವಿ.”

ಅವಳ ಕಣ್ಣು ತುಂಬಿ ಬಂತು. “ಭಾವನ ಕೈಯಿಂದಾನೇ? ಎಲ್ಲ ಕಿಟಕಿಗೂ?”

“ಎಲ್ಲಕ್ಕೂ.”

“ಹದಿನಾಲ್ಕಿದೆ ಅಕ್ಕ.”

ಬಾಗಿಲ ಆಚೆ ಟೇಪು ಜಗ್ಗುವುದು ನಿಂತಿತು. ನಮ್ಮವರು ಒಳಗೆ ಕುಸಿದು ಕೂತರು ಎಂದು ನಾನು ಊಹಿಸಿದೆ. ಓರಗಿತ್ತಿ ಹಿಡಿಯನ್ನು ಒಂದು ಬೆರಳಿನಿಂದ ಮೇಲಕ್ಕೆತ್ತಿ ಬಾಗಿಲು ತೆರೆದಳು. ತಿರುಗಿಸುವುದಲ್ಲವಂತೆ, ಎತ್ತಬೇಕಂತೆ. ನಿಜವಾಗಿಯೂ ಅವರು ಕೂತಿದ್ದರು.

ಆಮೇಲೆ ನಡೆದದ್ದು ರಾಜಮರ್ಯಾದೆಯ ಮೆರವಣಿಗೆ. ಓರಗಿತ್ತಿ ಮುಂದೆ, ಸ್ಟೂಲು ಹೊತ್ತ ನಮ್ಮವರು ನಡುವೆ, ಪೆನ್ಸಿಲು ಹಿಡಿದ ನಾನು ಹಿಂದೆ. ಒಂದೊಂದು ಕಿಟಕಿಗೂ ನಮ್ಮವರು ಸ್ಟೂಲು ಹತ್ತಿ ಟೇಪು ಇಳಿಬಿಟ್ಟರು, ನಾನು ಕೆಳಗೆ ಅಂಕಿ ನೋಡಿ ಬರೆದುಕೊಂಡೆ. ಹದಿನಾಲ್ಕನೆಯ ಕಿಟಕಿಗೆ ಬರುವಷ್ಟರಲ್ಲಿ ಅವರ ಮೊಣಕಾಲು ಸ್ಟೂಲಿಗಿಂತ ಜೋರಾಗಿ ಕಿರುಗುಟ್ಟುತ್ತಿತ್ತು.

ಮೂರನೇ ದಿನ ಅವಳ ಮಗ ಲಾರಿಯಲ್ಲಿ ಬಟ್ಟೆಯ ಥಾನು ತಂದಿಳಿಸಿದ. ಅವಳ ಮನೆಯ ದೊಡ್ಡತನ ಎಷ್ಟೆಂದು ಇಂಚು ಲೆಕ್ಕದಲ್ಲಿ ತಿಳಿಯಬೇಕು ಎಂದಿದ್ದೆನಲ್ಲ, ಅಡಿಯಿಂದ ಮುಡಿಯವರೆಗೆ ತಿಳಿಯಿತು. ಹಾಸಿಗೆಯ ಮೇಲೆ ಬಟ್ಟೆ, ಊಟದ ಮೇಜಿನ ಮೇಲೆ ಬಟ್ಟೆ. ಸೊಸೆ ಮೂರು ದಿನ ನಿಂತೇ ಊಟ ಮಾಡಿದಳು. ಹೌದೋ ಅಲ್ಲವೋ?

“ನಾಲ್ಕು ದಿನ” ಎಂದಳು, ಬರೆಯುತ್ತಲೇ.

ಮಷೀನಿಗೆ ಜಾಗ ಸಿಕ್ಕಿದ್ದು ಮುಂಬಾಗಿಲ ಹಿಂದೆ. ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಮಗ ಆಸ್ಪತ್ರೆಯಿಂದ ಬಂದರೆ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡವಾಗಿ ನುಸುಳಬೇಕು. ಒಮ್ಮೆ ಅವನು ಕಾಣಿಸುತ್ತಲೇ ಇಲ್ಲವೆಂದು ಗಾಬರಿಯಾಗಿ ಹುಡುಕಿದರೆ, ಓರಗಿತ್ತಿಯ ಹಾಲ್‌ನ ಎಡಗಿಟಕಿಗೆಂದು ಹೊಲಿದ ಪರದೆಯ ಕೆಳಗೆ ಗೊರಕೆ ಹೊಡೆಯುತ್ತಿದ್ದ. ಮಷೀನಿನ ಸದ್ದು ತಡೆಯಲಾಗುವುದಿಲ್ಲ ಎಂದು ಕೆಳಮನೆಯ ಪಿಯಾನೋ ಟೀಚರು ದೂರು ಹೇಳಲು ಬಂದರು. ಬಾಗಿಲಲ್ಲಿ ಅರ್ಧ ನುಸುಳಿ ಸಿಕ್ಕಿಕೊಂಡರು, ಪಾಪ. ಸಿಕ್ಕಿಕೊಂಡವರು ಎಷ್ಟು ಜೋರಾಗಿ ದೂರು ಹೇಳಿಯಾರು?

ಇಷ್ಟು ಸಾಲದೆಂಬಂತೆ ಓರಗಿತ್ತಿ ಕೈಚೀಲ ಹಿಡಿದು ಬಂದಳು.

“ನೀವಿಬ್ಬರೇ ಕಷ್ಟಪಡ್ತಿದ್ದೀರಿ. ಕಾಜಾ, ಅಂಚು ಎಲ್ಲ ನಾನು ಹಾಕ್ತೀನಿ.”

ಬೇಡ ಎನ್ನುವಂತಿಲ್ಲ. ಪ್ರೀತಿಯ ಸುಳ್ಳು ಹೇಳಿದವಳು ನಾನು. ಐದು ದಿನ ಇದ್ದಳು, ರಾತ್ರಿ ನನ್ನ ಮಗ್ಗುಲಲ್ಲೇ ಮಲಗಿದಳು. ಆದರೆ ಅಂಚು ಹೊಲಿದದ್ದು ಅಷ್ಟಕ್ಕಷ್ಟೆ. ಇಡೀ ದಿನ ನಮ್ಮ ಅಡುಗೆಮನೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತಿರುತ್ತಿದ್ದಳು.

“ಅಕ್ಕ, ಆ ತರಕಾರಿ ಅಂಗಡಿಯವಳು ಗಂಡನ್ನ ಬೈತಿದ್ದಾಳೆ ನೋಡಿ.”

“ದಿನಾ ಬೈತಾಳೆ.”

“ಅಕ್ಕ, ನೀಲಿ ಟೋಪಿಯವನು ಇವತ್ತೂ ಬಸ್ಸು ತಪ್ಪಿಸ್ಕೊಂಡ.”

“ಅವನು ಹುಟ್ಟಿರೋದೇ ಅದಕ್ಕೆ.”

ನನ್ನ ಕಿಟಕಿ, ನನ್ನ ತರಕಾರಿಯವಳು, ನನ್ನ ನೀಲಿ ಟೋಪಿ. ಹದಿನಾಲ್ಕು ಕಿಟಕಿ ಇಟ್ಟುಕೊಂಡು ನನ್ನ ಒಂದು ಕಿಟಕಿಗೂ ಕಣ್ಣು ಹಾಕಿದಳಲ್ಲ ಎಂದು ಮತ್ತೆ ಉರಿಯಿತು. ಸೊಸೆ ಮೊದಲ ಸಾಲಿಗೆ ಹಿಂದಿರುಗಿ ನೋಡುತ್ತಿದ್ದಾಳೆ. ನೋಡಲಿ, ಹೊಡೆದುಹಾಕುವುದು ಬೇಡ.

ಪರದೆ ತೂಗುಹಾಕುವ ದಿನ ಬಂತು. ನಾವೆಲ್ಲ ಹೋದೆವು. ನಮ್ಮವರು ಮೊದಲನೆಯದನ್ನು ಸರಳಿಗೆ ಸಿಕ್ಕಿಸಿ, ನೆರಿಗೆ ಸರಿಮಾಡಿ, ಕಲಾವಿದರಂತೆ ನಾಲ್ಕು ಹೆಜ್ಜೆ ಹಿಂದೆ ಬಂದು ನಿಂತರು. ಮುಖ ಬಿಳಿಚಿತು.

ಪರದೆ ಕಿಟಕಿಯ ಕೆಳಗಿನವರೆಗೂ ಇಳಿದಿರಲಿಲ್ಲ. ಎರಡಿಂಚು ಮೋಟು. ಎರಡನೆಯದು ಹಾಕಿದರು, ಎರಡಿಂಚು ಮೋಟು. ಮೂರನೆಯದೂ.

ನನ್ನನ್ನು ಮೂಲೆಗೆ ಕರೆದರು. “ಏನೇ, ಚೀಟೀಲಿ ಏನು ಬರ್ದಿದ್ದೆ? ಟೇಪು ತೋರಿಸಿದ್ದು ತಾನೇ?”

“ಟೇಪು ತೋರಿಸಿದ್ದನ್ನ ಯಾರಾದ್ರೂ ಬರೀತಾರಾ? ಎರಡಿಂಚು ಕಳೆದು ಬರ್ದೆ.”

“ನಾನೂ ಕಳೆದೆ.”

“ನೀವ್ಯಾಕೆ ಕಳೆದ್ರಿ?”

“ಐವತ್ತು ವರ್ಷದಿಂದ ಕಳೀತಾ ಇದೀನಲ್ಲೇ.”

ಒಬ್ಬರನ್ನೊಬ್ಬರು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡ ದಂಪತಿಗಳು ಪರದೆ ಹೊಲಿಯಬಾರದು. ಅಂಚು ಬಿಚ್ಚಿ ಇಳಿಸೋಣವೆಂದರೆ ಬಟ್ಟೆ ಒಳಗೆ ಬಿಟ್ಟಿರಲಿಲ್ಲ. ಥಾನೂ ಮುಗಿದಿತ್ತು. ಇಪ್ಪತ್ತೆರಡು ವರ್ಷ ಹಿರಿಯ ಸೊಸೆಯಾಗಿ ಮೆರೆದವಳು ಹದಿನಾಲ್ಕು ಮೋಟು ಪರದೆಗಳ ಮುಂದೆ ತಲೆ ತಗ್ಗಿಸಿ ನಿಂತೆ. ಬೈಯಲಿ ಎಂದು ಕಾದೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಬಿಡುತ್ತಿರಲಿಲ್ಲ.

ಓರಗಿತ್ತಿ ಬಗ್ಗಿ ಆ ಎರಡಿಂಚಿನ ಸಂದಿಯಲ್ಲಿ ಬರುತ್ತಿದ್ದ ಬೆಳಕಿಗೆ ಕೈ ಒಡ್ಡಿದಳು.

“ಇರ್ಲಿ ಬಿಡಿ ಅಕ್ಕ. ಇಷ್ಟಾದ್ರೂ ಬೆಳಕು ಬರ್ಲಿ.”

“ಬೇಜಾರಿಲ್ವಾ?”

“ಆ ವಠಾರದ ಮನೇಲಿ ಕಿಟಕಿ ಇಲ್ಲದ ಕೋಣೇಲಿ ಮಲಗ್ತಿದ್ದೆ ನೋಡಿ, ಬೆಳಗಾಯ್ತಾ ಅಂತ ನಿಮ್ಮ ಬಾಗಿಲ ಕೆಳಗಿನ ಸಂದಿ ನೋಡಿ ತಿಳ್ಕೋತಿದ್ದೆ. ಅದೂ ಎರಡಿಂಚೇ ಇತ್ತು. ಅದಕ್ಕೇ, ಎಂಥ ಮನೆ ಬೇಕಮ್ಮ ಅಂತ ಮಗ ಕೇಳ್ದಾಗ, ಎಷ್ಟಾದ್ರೂ ಇರ್ಲಪ್ಪ, ಕಿಟಕಿ ಜಾಸ್ತಿ ಇರ್ಲಿ ಅಂದೆ.”

ಅವಳು ಚುಚ್ಚಲು ಹೇಳಿದ್ದಲ್ಲ. ಹಳೆಯ ಮಾತು, ನೆನಪಾಯಿತು, ಹೇಳಿದಳು. ನನಗೆ ಮಾತ್ರ ಆ ದೊಡ್ಡ ಹಾಲ್‌ನಲ್ಲಿ ಬಚ್ಚಿಟ್ಟುಕೊಳ್ಳಲು ಒಂದು ಮೂಲೆಯೂ ಸಿಗಲಿಲ್ಲ.

“ನಾನು ಒಂದು ಸಲಾನೂ ಕೇಳ್ಲಿಲ್ಲ ಕಣೇ ನಿನ್ನ” ಎಂದೆ.

“ನಾನೂ ಹೇಳ್ಲಿಲ್ವಲ್ಲ.” ಕಣ್ಣೊರೆಸಿಕೊಂಡು ನಕ್ಕಳು. “ಆದ್ರೆ ಅಕ್ಕ, ಹದಿನಾಲ್ಕು ಕಿಟಕೀಲಿ ಇಣುಕಿದ್ರೂ ಹುಲ್ಲು ಬಿಟ್ರೆ ಬೇರೇನೂ ಕಾಣಲ್ಲ. ಒಂದು ನರಪಿಳ್ಳೆ ಓಡಾಡಲ್ಲ. ಅದಕ್ಕೇ ಮಗನ ಹತ್ರ ಮಾತಾಡ್ದೆ. ಅವನ ಸಂಸಾರ ಇಲ್ಲಿರ್ಲಿ. ನಿಮ್ಮ ಪಕ್ಕದ ಮನೆ ಖಾಲಿಯಾಗಿದೆಯಲ್ಲ, ನಾನೂ ನಿಮ್ಮ ಮೈದುನನೂ ಅದನ್ನ ಬಾಡಿಗೆಗೆ ತಗೊಂಡಿದ್ದೀವಿ. ಮುಂದಿನ ತಿಂಗಳು ಬರ್ತೀವಿ.”

ನಾನು ಅವಳನ್ನು ತಬ್ಬಿಕೊಂಡೆ. ಸಂತೋಷಕ್ಕೇ. ಸೊಸೆ, ಇದನ್ನು ಗೆರೆ ಎಳೆದು ಬರಿ.

ಹಿಂದಿರುಗುವಾಗ ಬಸ್ಸಿನಲ್ಲಿ ನನ್ನ ಮನಸ್ಸು ಹತ್ತಿಯಷ್ಟು ಹಗುರವಾಗಿತ್ತು. ಇನ್ನು ಅಳತೆ ಎಂಥದ್ದು, ಪೈಪೋಟಿ ಎಂಥದ್ದು. ಅವಳದೂ ಎರಡು ಕೋಣೆ, ನಮ್ಮದೂ ಎರಡು ಕೋಣೆ. ಹಾಗೆಂದು ಯಜಮಾನರಿಗೂ ಹೇಳಿದೆ. ಅವರು ಟೇಪನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದರು.

“ಏನು ಯೋಚ್ನೆ?”

“ಏನಿಲ್ಲ. ಆ ಪಕ್ಕದ್ದು ಮೂಲೆ ಮನೆ.”

“ಆದ್ರೇನಂತೆ?”

“ರಸ್ತೆ ಕಡೆ ಎರಡು ಕಿಟಕಿ.”

ಎರಡು ನಿಲ್ದಾಣ ದಾಟುವ ತನಕ ಬಸ್ಸಿನಾಚೆ ನೋಡುತ್ತಾ ಕೂತೆ. ಮೂರನೆಯದರಲ್ಲಿ ತಡೆಯಲಾಗಲಿಲ್ಲ.

“ನಮ್ಮದಕ್ಕಿಂತ ದೊಡ್ಡವಾ?”

“ಅಳೆದು ನೋಡ್ಬೇಕು.”

“ಅಳೀರಿ” ಎಂದೆ. “ಆದ್ರೆ ನಂಗೆ ಹೇಳುವಾಗ ಎರಡು ಸಲ ಕಳೆದು ಹೇಳಿ.”