ಗಂಡಿನ ಮನೆಗೆ ಟೆಸ್ಟರ್

ನಮ್ಮ ಅತ್ತೆಯನ್ನು ಊಟಕ್ಕೆ ಕರೆಯಬೇಕೆಂದಿದ್ದೀರಾ? ಹಾಗಿದ್ದರೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಮೂರನ್ನೂ ಮೊದಲು ಅಟ್ಟದ ಮೇಲೆ ಬಚ್ಚಿಡಿ. ಇಲ್ಲದಿದ್ದರೆ ಎಲೆ ಹಾಕಿದ ಮೇಲೂ ಅವರು ಕೂರುವುದಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ. ಪೀಣ್ಯದ ಮಿಕ್ಸಿ ಕಾರ್ಖಾನೆಯೊಂದರಲ್ಲಿ, ತಯಾರಾದ ಮಿಕ್ಸಿ ಶಾಕ್ ಹೊಡೆಯುತ್ತದೆಯೇ ಎಂದು ಪರೀಕ್ಷಿಸುವ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಇದ್ದವರು. ಕಾರ್ಖಾನೆ ಮುಚ್ಚಿತು, ಪರೀಕ್ಷೆ ಮುಚ್ಚಲಿಲ್ಲ! ವ್ಯಾನಿಟಿ ಬ್ಯಾಗಿನಲ್ಲಿ ಬಾಚಣಿಗೆ ಇರದಿದ್ದರೂ ಟೆಸ್ಟರ್ ಇರಬೇಕು. ಪಾಸಾದ ಸಾಮಾನಿಗೆ ಹಸಿರು ಟಿಕ್ಲಿ, ಫೇಲಾದದ್ದಕ್ಕೆ ಕೆಂಪು. ರಾಜಾಜಿನಗರದ ನಮ್ಮ ಮನೆಯ ಇಸ್ತ್ರಿಪೆಟ್ಟಿಗೆ ಮುತ್ತೈದೆಯ ಹಾಗೆ ಕೆಂಪು ಬೊಟ್ಟಿಟ್ಟುಕೊಂಡು ಒಂದು ವರ್ಷ ಮೂಲೆ ಸೇರಿತ್ತು. ನಾನು ಮುದುರಿದ ಚೂಡಿದಾರದಲ್ಲೇ ಆಫೀಸಿಗೆ ಹೋದೆ.

ಒಮ್ಮೆ ಮಹಾಲಕ್ಷ್ಮಿ ಲೇಔಟಿನಲ್ಲಿ ನೆಂಟರ ಗೃಹಪ್ರವೇಶ. ಇನ್ನೇನು ಮಂಗಳಾರತಿ ಎನ್ನುವಾಗ ಮಂಟಪದ ಸೀರಿಯಲ್ ಸೆಟ್ ದೀಪಗಳೆಲ್ಲ ಆರಿಹೋದವು. ನೋಡಿದರೆ ಪ್ಲಗ್ ಅತ್ತೆಯ ಕೈಯಲ್ಲಿ.

"ಏನಮ್ಮಾ, ದೇವರನ್ನ ಕತ್ತಲೇಲಿ ಕೂರಿಸಿಬಿಟ್ರಲ್ಲ" ಎಂದರು ಪುರೋಹಿತರು.

"ದೇವರಿಗೇನೂ ಆಗಲ್ಲ ಸ್ವಾಮಿ. ನೀವು ಒದ್ದೆ ಪಂಚೇಲಿದೀರಿ, ಪಕ್ಕದಲ್ಲೇ ವೈರ್ ಸುಲಿದಿದೆ."

ಪುರೋಹಿತರು ನೆಗೆದದ್ದನ್ನು ನೋಡಬೇಕಿತ್ತು. ನನಗಂತೂ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿತು.

ಇಂಥವರನ್ನು ಕಟ್ಟಿಕೊಂಡು ಗಂಡಿನ ಮನೆ ನೋಡಲು ಹೋಗುವುದು ಹೇಗೆ ಹೇಳಿ? ನನಗಾಗ ಇಪ್ಪತ್ತೊಂಬತ್ತು. ನಾಲ್ಕು ಸಂಬಂಧ ತಪ್ಪಿಹೋಗಿದ್ದವು. ವಿಜಯನಗರದ ಈ ಹುಡುಗ ನನಗೆ ನಿಜಕ್ಕೂ ಹಿಡಿಸಿದ್ದ. ಮನೆ ನೋಡಲು ಹುಡುಗಿಯೂ ಬರಲಿ ಎಂದು ಅವರೇ ಹೇಳಿಕಳಿಸಿದ್ದರು. ಅಪ್ಪ, ಅತ್ತೆ, ನಾನು ಹೊರಟೆವು.

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಟೆಸ್ಟರ್ ಮನೇಲೇ ಬಿಟ್ಟು ಬನ್ನಿ" ಎಂದೆ.

"ಆಯ್ತು ಕಣೇ" ಎಂದರು. ಬಿಟ್ಟು ಬರುವವರೇ ಅವರು!

ಹುಡುಗನ ತಾಯಿ ಅಡುಗೆಮನೆ ತೋರಿಸುವಾಗ ಅತ್ತೆ ಗ್ರೈಂಡರ್ ಎದುರು ನಿಂತೇಬಿಟ್ಟರು. ಅದರ ಮುಂದೆ ನೆಲದ ಮೇಲೊಂದು ಮರದ ಮಣೆ ಇತ್ತು.

"ಇಲ್ಯಾಕ್ರೀ ಮಣೆ?"

ಆಕೆ ಬಾಯಿ ತೆರೆಯುವ ಮೊದಲೇ ಹುಡುಗನ ತಂದೆ ನಕ್ಕರು. "ಅದಾ? ಗ್ರೈಂಡರ್ ಮುಟ್ಟಿದ್ರೆ ಜುಮ್ ಅನ್ನುತ್ತಂತೆ ಅವಳಿಗೆ. ಮಣೆ ಮೇಲೆ ನಿಂತೇ ರುಬ್ಬೋದು. ಏಳು ವರ್ಷದಿಂದ ಇದೇ ಪುರಾಣ. ಬರೀ ಭ್ರಮೆ."

ಬಂತು ಟೆಸ್ಟರ್ ಹೊರಗೆ. ಮುಗಿಯಿತು ನನ್ನ ಮದುವೆ ಎಂದುಕೊಂಡೆ. ಅತ್ತೆ ಸ್ವಿಚ್ ಹಾಕಿ ಗ್ರೈಂಡರಿನ ಮೈಗೆ ಟೆಸ್ಟರ್ ತಾಗಿಸಿದರು. ಒಳಗಿನ ಪುಟ್ಟ ದೀಪ ಕೆಂಪಗೆ ಹೊತ್ತಿಕೊಂಡಿತು. ಸ್ವಿಚ್ ಆರಿಸಿ ಪ್ಲಗ್ ಕಿತ್ತು ತೋರಿಸಿದರು. ಮೂರು ಪಿನ್ನಿರಬೇಕಾದ ಪ್ಲಗ್ಗಿನಲ್ಲಿ ಎರಡೇ ಇದ್ದವು.

"ಅರ್ಥ್ ಪಿನ್ ಯಾರು ಕುಯ್ದಿದ್ದು?"

"ನಾನೇ. ಗೋಡೆ ಪಾಯಿಂಟಲ್ಲಿ ಎರಡೇ ತೂತು ಇತ್ತಲ್ಲ..." ಹುಡುಗನ ತಂದೆಯ ನಗು ನಿಂತಿತ್ತು.

"ಲೀಕಾದ ಕರೆಂಟ್ ಭೂಮಿಗೆ ಹೋಗೋ ದಾರಿ ಅದು ಸ್ವಾಮಿ. ಅದನ್ನ ಕುಯ್ದ್ರೆ ಇವರ ಮೈಯಲ್ಲೇ ಹೋಗುತ್ತೆ."

ಹುಡುಗನ ತಾಯಿ ಅತ್ತೆಯ ಕೈ ಹಿಡಿದುಕೊಂಡರು. "ಹಾಗಾದ್ರೆ ನನಗೆ ತಲೆ ಕೆಟ್ಟಿರ್ಲಿಲ್ಲ ಅಲ್ವಾ?" ಎಂದು ಕೇಳಿದರು.

ಗದರದೆ ಮಾತೇ ಆಡದ ನಮ್ಮ ಅತ್ತೆ ಅವರ ಬೆನ್ನು ಸವರಿದರು. "ನಿಮಗೇನೂ ಆಗಿಲ್ಲ ಕಣ್ರೀ. ಯಾರೂ ನಂಬದೇ ಇದ್ರೂ ನೀವು ಆ ಮಣೆ ಬಿಡ್ಲಿಲ್ಲವಲ್ಲ, ಅದಕ್ಕೇ ಬದುಕಿದೀರಿ."

ಹುಡುಗ ಬಾಗಿಲಲ್ಲಿ ನಿಂತಿದ್ದ. "ನಾನೂ ನಗ್ತಿದ್ದೆ ಅಮ್ಮ" ಎಂದು ತಲೆ ತಗ್ಗಿಸಿದ.

ನನಗೆ ಅಳು ಬಂದುಬಿಟ್ಟಿತು. ಅತ್ತೆಯನ್ನು ನೋಡಿ ಇಷ್ಟು ವರ್ಷ ನಕ್ಕವಳು ನಾನೂ ಅಲ್ಲವೇ? ಹೊರಗೆ ಬಂದ ಮೇಲೆ ಅಪ್ಪ ಮೆಲ್ಲಗೆ ಕೇಳಿದರು, "ಏನಮ್ಮಾ, ಒಪ್ಪಿಗೇನಾ?"

ಅತ್ತೆಯ ಕೈ ಹಿಡಿದುಕೊಂಡು "ಅತ್ತೆ ಹೇಳಿದ ಹಾಗೆ" ಎಂದೆ, ಜೀವಮಾನದಲ್ಲಿ ಮೊದಲ ಸಲ.