ರೊಟ್ಟಿ ಗಂಟು ಕಟ್ಟಿಕೊಂಡು ಕಡಲ ಊರುಗಳಿಗೆ

ನಮ್ಮ ಅತ್ತಿಯನ್ನು, ಅಂದರೆ ನನ್ನ ಗಂಡನ ತಾಯಿಯನ್ನು, ಕರೆದುಕೊಂಡು ಊರು ದಾಟಿದರೆ ಏನಾದರೊಂದು ಆಗದೇ ಇರುವುದಿಲ್ಲ. ಹೂವಿನ ಹಿಪ್ಪರಗಿಯಲ್ಲಿ ನಾವು ಹನ್ನೆರಡು ಜನ ಹೆಂಗಸರು ಸೇರಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತೇವೆ. ದೂರದ ಊರುಗಳಲ್ಲಿ ಮೇಳ ನಡೆದಾಗ ಗುಂಪಿನಿಂದ ಇಬ್ಬರು ಹೋಗಬೇಕು. ಓದು ಬರಹ ಬಲ್ಲವಳೆಂದು ನನ್ನನ್ನು ಕಳಿಸುತ್ತಾರೆ, ರೊಟ್ಟಿ ಬಡಿಯುವುದರಲ್ಲಿ ಸುತ್ತ ಹತ್ತೂರಿಗೆ ಹೆಸರಾದವಳೆಂದು ಅತ್ತಿಯನ್ನು. ಅರವತ್ತೈದರವರೆಗೆ ಸಿಂದಗಿ, ಮುದ್ದೇಬಿಹಾಳ ಬಿಟ್ಟು ಬೇರೆ ಪ್ಯಾಟಿ ಕಾಣದವರು ಈಗ ಮೇಳ ಅಂದರೆ ಸಾಕು, ಎರಡು ದಿನ ಮುಂಚೆಯೇ ಗಂಟು ಕಟ್ಟಿ ಬಾಗಿಲಲ್ಲಿ ಇಟ್ಟಿರುತ್ತಾರೆ.

1. ಹೋಟೆಲಿನವನ ಪ್ರಾಮಾಣಿಕತೆ

ಮೊದಲ ಸಲ ಹೋದದ್ದು ಮಂಗಳೂರಿಗೆ. ಬೆಳಿಗ್ಗೆ ಬಸ್ಸಿಳಿದಾಗ ಹೊಟ್ಟೆ ಚುರುಗುಡುತ್ತಿತ್ತು. ಎದುರಿಗೇ ಒಂದು ಸಣ್ಣ ಹೋಟೆಲು. ಒಳಗೆ ಹೋಗಿ ಕೂತೆವು. ಮಾಲೀಕರೇ ಎದ್ದು ಬಂದು ಕೇಳಿದರು, "ಎಂತ ಬೇಕು ಅಮ್ಮ?"

ಆ ಕಡೆ 'ಎಂತ' ಅಂದರೆ 'ಏನು' ಎಂದರ್ಥ. ಅತ್ತಿಗೆ ಅದೆಲ್ಲಿ ಗೊತ್ತು? ಎಂಥಾದ್ದು ಬೇಕು ಅಂತ ಕೇಳುತ್ತಿದ್ದಾರೆ ಅಂದುಕೊಂಡರು. "ಚಲೋದು ಬೇಕಪ್ಪಾ" ಅಂದರು.

"ಎಂತ?"

"ಚಲೋ. ಚಲೋದು."

ಮಾಲೀಕರು ಸ್ವಲ್ಪ ಯೋಚಿಸಿ, ಅಡುಗೆಮನೆಯ ಕಡೆ ತಿರುಗಿ ಕೂಗಿದರು, "ಚಲೋ ಉಂಟಾ?" ಒಳಗಿನಿಂದ "ಇಲ್ಲ" ಎಂದು ಉತ್ತರ ಬಂತು. ಅವರು ಬಹಳ ಮರ್ಯಾದೆಯಿಂದ ಹೇಳಿದರು, "ಚಲೋ ಇಲ್ಲ ಅಮ್ಮ. ನೀರುದೋಸೆ ಉಂಟು, ಬನ್ಸ್ ಉಂಟು."

ಅತ್ತಿ ನನ್ನ ಕೈ ಹಿಡಿದು ಎಬ್ಬಿಸಿದರು. "ಏಳವ್ವಾ, ಬ್ಯಾರೆ ಕಡೆ ಹೋಗೂನು. ಆದರ ಖರೇ ಮನಿಶಾ ನೋಡು. ತನ್ನ ಹೋಟೆಲು ಚಲೋ ಇಲ್ಲ ಅಂತ ತಾನಾ ಹೇಳಿದವನ್ನ ನಾ ಇವತ್ತಾ ನೋಡಿದ್ದು."

2. ಸಮುದ್ರದ ಗೇಟು

ಅದೇ ದಿನ ಸಂಜೆ ಸಮುದ್ರ ನೋಡಲು ಹೋದೆವು. ಅತ್ತಿ ಮೊದಲು ನೀರಿಗೆ ಕೈ ಮುಗಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಸೀರೆ ಮೇಲೆತ್ತಿ ಕಟ್ಟಿಕೊಂಡು ಮೊಣಕಾಲುದ್ದ ನೀರಿಗೆ ಇಳಿದೇಬಿಟ್ಟರು. ನನಗೂ ತಡೆಯಲಾಗಲಿಲ್ಲ. ಅತ್ತಿ ಸೊಸಿ ಇಬ್ಬರೂ ಒಬ್ಬರ ಮೇಲೊಬ್ಬರು ನೀರು ಎರಚಿಕೊಂಡೆವು. ಊರಲ್ಲಿ ಯಾರಾದರೂ ನೋಡಿದ್ದರೆ ನಂಬುತ್ತಿರಲಿಲ್ಲ.

ದಂಡೆಯ ಮೇಲೆ ಕಾವಲಿನವನೊಬ್ಬ ಕೆಂಪು ಅಂಗಿ ತೊಟ್ಟು ನಿಂತಿದ್ದ. ಅಲೆಗಳು ಜೋರಾದ ಕೂಡಲೇ ಸೀಟಿ ಊದಲು ಶುರು ಮಾಡಿದ. ನೀರಿನಲ್ಲಿದ್ದ ನೂರಾರು ಮಂದಿಯಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ನೋಡಿದವರು ನಮ್ಮ ಅತ್ತಿ ಒಬ್ಬರೇ.

ಅತ್ತಿಯ ತವರು ನಿಡಗುಂದಿ, ಆಲಮಟ್ಟಿ ಡ್ಯಾಮಿನ ಮಗ್ಗುಲಿಗೇ ಇದೆ. ಡ್ಯಾಮಿನ ಗೇಟು ತೆಗೆಯುವ ಮೊದಲು ಸೈರನ್ ಕೂಗುತ್ತದೆ, ಹೊಳೆಯಲ್ಲಿದ್ದವರೆಲ್ಲ ದಂಡೆಗೆ ಓಡಬೇಕು. ಡ್ಯಾಮು ಕಟ್ಟಿದಾಗಿನಿಂದ, ತವರಿಗೆ ಹೋದಾಗಲೆಲ್ಲ ಕೇಳಿ ತಲೆಯಲ್ಲಿ ಕೂತ ಪಾಠ. "ಗೇಟ್ ತಗ್ಯಾಕತ್ತಾರ, ಮ್ಯಾಲೆ ನಡೀರಿ, ಗೇಟ್ ತಗ್ಯಾಕತ್ತಾರ" ಎಂದು ಒದರುತ್ತಾ ಸಿಕ್ಕಸಿಕ್ಕವರ ರಟ್ಟೆ ಹಿಡಿದು ಎಳೆಯತೊಡಗಿದರು. ಯಾವ ಗೇಟು, ಯಾರು ತೆಗೆಯುತ್ತಾರೆ ಎಂದು ಯಾರೂ ಕೇಳಲಿಲ್ಲ. ವಯಸ್ಸಾದ ಹೆಂಗಸು ಹೀಗೆ ಓಡುತ್ತಿದ್ದಾಳೆ ಅಂದರೆ ಏನೋ ಇರಬೇಕು ಎಂದು ಎಲ್ಲರೂ ಓಡಿದರು. ಎರಡು ನಿಮಿಷದಲ್ಲಿ ನೀರು ಖಾಲಿ.

ಕಾವಲಿನವನು ನಮ್ಮ ಕಡೆಗೇ ಬಂದ. ದಂಡ ಹಾಕುತ್ತಾನೋ, ಪೊಲೀಸರನ್ನು ಕರೆಯುತ್ತಾನೋ ಅಂದುಕೊಂಡೆ. ಅವನು ಅತ್ತಿಯ ಮುಂದೆ ನಿಂತು ಮೆಲ್ಲಗೆ ಕೇಳಿದ, "ಅಮ್ಮ, ನಾಳೆ ಸಹ ಬರ್ತೀರಾ?"

3. ಬಾಟಲಿ

ಮರಳಿ ಬರುವಾಗ ಅತ್ತಿ ಒಂದು ಬಾಟಲಿ ತುಂಬಾ ಸಮುದ್ರದ ನೀರು ತಂದರು. ಬಾಜೂ ಮನಿಯ ಅಜ್ಜಿ ಒಂದು ಹನಿ ನಾಲಿಗೆಗೆ ಹಚ್ಚಿ ಮುಖ ಕಿವುಚಿದಳು. "ಉಪ್ಪು ಭಾಳ ಆಗೇತಲ್ಲ ಬೇ."

ಅಡುಗೆಯ ವಿಷಯದಲ್ಲಿ ಅತ್ತಿ ಒಂದು ಮಾತು ತಡೆಯುವವರಲ್ಲ. ಥಟ್ಟನೆ ಅಂದರು, "ನಾ ಹಾಕಿಲ್ಲ. ಮೊದಲಾ ಇತ್ತು."

4. ಎಲ್ಲಿ ಇಳೀತೀರಿ

ಮುಂದಿನ ಮೇಳ ಮುಂಬೈಯಲ್ಲಿ. ಲೋಕಲ್ ಟ್ರೇನಿನ ಗದ್ದಲ ಕೇಳಿ ಗೊತ್ತಿತ್ತು, ಆದರೆ ಒಳಗೆ ಹೋಗಲು ಕಾಲೇ ಬೇಕಾಗಿಲ್ಲ ಎಂಬುದು ಅಲ್ಲಿ ಹೋದಮೇಲೆ ತಿಳಿಯಿತು. ಹಿಂದಿನವರು ನೂಕಿದರು, ನಾವು ಒಳಗಿದ್ದೆವು. ಹಂಚು, ಹಿಟ್ಟಿನ ಚೀಲ ಸಮೇತ. ಯಾರೋ ಪುಣ್ಯಾತ್ಮಳು ಎದ್ದು ಅತ್ತಿಗೆ ಜಾಗ ಕೊಟ್ಟಳು. ನಾನು ನಾಲ್ಕು ಮಂದಿಯ ಆಚೆ ಕಂಬ ಹಿಡಿದು ನೇತಾಡುತ್ತಿದ್ದೆ.

ಆ ಟ್ರೇನಿನಲ್ಲಿ ಒಂದು ಪದ್ಧತಿ. ಕೂತವರನ್ನು ನಿಂತವರು ಎಲ್ಲಿ ಇಳಿಯುತ್ತೀರಿ ಎಂದು ಕೇಳುತ್ತಾರೆ. ಅವರು ಇಳಿದ ಕೂಡಲೇ ಆ ಜಾಗ ಕೇಳಿದವರದ್ದು. ಒಬ್ಬ ಹೆಂಗಸು ಅತ್ತಿಯನ್ನು ಮರಾಠಿಯಲ್ಲಿ ಕೇಳಿದಳು. ಗಡಿಯ ಕಡೆಯವರಾದ ನಮಗೆ ಅಷ್ಟು ಮರಾಠಿ ತಿಳಿಯುತ್ತದೆ. ಅತ್ತಿಯ ಮುಖ ಅರಳಿತು. ಅವಳ ಬೆನ್ನಿಗೇ ಇನ್ನೊಬ್ಬಳು ಅದನ್ನೇ ಕೇಳಿದಳು. ಅತ್ತಿ ನಾಲ್ಕು ತಲೆಗಳ ಮೇಲಿಂದ ನನಗೆ ಕೂಗಿ ಹೇಳಿದರು, "ಎಷ್ಟು ಅಂತಃಕರಣದ ಮಂದಿ ನೋಡವ್ವಾ. ಎಲ್ಲಾರೂ ನನ್ನಾ ವಿಚಾರ್ಸಾಕತ್ತಾರ."

ಆಮೇಲೆ ಇಬ್ಬರಿಗೂ ಸೇರಿಸಿ ಉತ್ತರ ಕೊಟ್ಟರು, "ಹೂವಿನ ಹಿಪ್ಪರಗಿ."

ಆ ಹೆಂಗಸರು ಮುಖ ಮುಖ ನೋಡಿಕೊಂಡರು. ದಿನಾ ಓಡಾಡುವವರು, ಅಂಥ ಸ್ಟೇಷನ್ನು ಕೇಳಿರಲಿಲ್ಲ. ಒಬ್ಬಳು, ಈ ಟ್ರೇನು ವಿರಾರಿನಲ್ಲಿ ಮುಗಿಯುತ್ತದಲ್ಲ, ವಿರಾರಿಗಿಂತ ಮುಂಚೆಯೋ ಆಮೇಲೋ ಎಂದು ಕೇಳಿದಳು.

ಅತ್ತಿ ಬೆರಳು ಮಡಚಿ ಲೆಕ್ಕ ಹಾಕಿದರು. ಮೇಳ ಮುಗಿಯಬೇಕು, ವಿಜಯಪುರದ ಬಸ್ಸು ಹಿಡಿಯಬೇಕು, ಬಾಗೇವಾಡಿ ದಾಟಬೇಕು. "ಆಮ್ಯಾಲೆ" ಅಂದರು. "ಬರೂ ಮಂಗಳವಾರ."

5. ಬಡಿದದ್ದಕ್ಕೆ ಬಹುಮಾನ

ಕೊನೆಗೆ ಕೊಚ್ಚಿ. ಅಲ್ಲಿ ನಮಗೆ ಸಿಕ್ಕಿದ್ದು ಮೂಲೆಯ ಮಳಿಗೆ. ಎಲ್ಲರೂ ಮೀನಿನ ಸಾಲಿನ ಕಡೆಗೇ ಹೋಗುತ್ತಿದ್ದರು. ನಮ್ಮ ಖಡಕ್ ರೊಟ್ಟಿಯನ್ನು ಎತ್ತಿ, ಬೆಳಕಿಗೆ ಹಿಡಿದು, ಹಾಗೇ ಇಟ್ಟು ಹೋಗುವರು. ಎರಡು ದಿನ ಹೀಗೇ ಕಳೆಯಿತು. ಹನ್ನೆರಡು ಮಂದಿ ಹಗಲೆಲ್ಲ ಕೂತು ಮಾಡಿದ ರೊಟ್ಟಿಯನ್ನು ಹಾಗೇ ವಾಪಸ್ ಹೊತ್ತುಕೊಂಡು ಹೋಗುವುದು ಹೇಗೆ? ನನಗೆ ಅಳು ಬರುವುದೊಂದು ಬಾಕಿ.

ಮೂರನೆಯ ದಿನ ಅತ್ತಿ ಅಂದರು, "ತಣ್ಣಗಿದ್ದದ್ದು ಯಾರು ತಿಂತಾರ? ಒಲಿ ಹಚ್ಚು. ಬಿಸಿದು ಮಾಡೂನು."

ಮಗ್ಗುಲಿನ ಚಪ್ಪರದಲ್ಲಿ ಅವತ್ತು ವಾದ್ಯದವರು ಸೇರಿದ್ದರು. ಒಬ್ಬ ಚೆಂಡೆಯವನು ಬಾರಿಸುತ್ತಿದ್ದ. ಅವನು ಕೈ ನಿಲ್ಲಿಸಿದಾಗ ಇತ್ತ ಅತ್ತಿ ಮಣೆಯ ಮೇಲೆ ರೊಟ್ಟಿ ಬಡಿಯುವುದು ಕೇಳಿತು. ತಪ್ ತಪ್ ತಪ್, ತಪಾ ತಪ್. ಅವನು ಇಣುಕಿ ನೋಡಿ ನಕ್ಕ. ಅದೇ ಲಯವನ್ನು ಚೆಂಡೆಯಲ್ಲಿ ಬಾರಿಸಿದ. ಹಸಿದವನು ರೊಟ್ಟಿಗೆ ಅವಸರ ಮಾಡುತ್ತಿದ್ದಾನೆ ಎಂದು ಅತ್ತಿಗೆ ಅನ್ನಿಸಿತು. "ತಡಿಯಪ್ಪಾ, ಆತು, ಬಂತು" ಎನ್ನುತ್ತಾ ಇನ್ನೂ ಬೇಗ ಬಡಿದರು. ಅವನೂ ಬೇಗ ಬಾರಿಸಿದ. "ಕೈ ಎರಡಾ ಅದಾವಪ್ಪಾ ನನಗ" ಎಂದು ಅತ್ತಿ ಮತ್ತೂ ಜೋರು ಮಾಡಿದರು.

ಮಂದಿ ಓಡಿ ಬಂದರು. ಚಪ್ಪಾಳೆ, ಸೀಟಿ, ಮೊಬೈಲು. ನಾನು ಬೇಯಿಸಿದ್ದೇ ಬೇಯಿಸಿದ್ದು. ನೋಡಲು ಬಂದವರು ತಿಂದರು, ತಿಂದವರು ಕಟ್ಟಿಸಿಕೊಂಡರು. ಸಂಜೆಯೊಳಗೆ ಖಡಕ್ ರೊಟ್ಟಿಯ ಚೀಲಗಳೂ ಖಾಲಿ, ಚಟ್ನಿಯ ಡಬ್ಬಿಯ ತಳ ಕಂಡಿತು. ಆಮೇಲೆ ಅತ್ತಿಯನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಮಲಯಾಳದಲ್ಲಿ ಬರೆದ ಪ್ರಶಸ್ತಿಪತ್ರ ಕೊಟ್ಟರು. ನಾನು ಕುಣಿಯುವುದೊಂದು ಬಾಕಿ.

ಆ ಪತ್ರಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದೆವು. ತಾಳಿಕೋಟೆಯ ಬೀಗರಿರಲಿ, ಇಂಡಿಯಿಂದ ಬಂದ ನನ್ನ ತವರಿನವರಿರಲಿ, ಅತ್ತಿ ಎಲ್ಲರನ್ನೂ ಅದರ ಕೆಳಗೇ ಕೂಡಿಸುತ್ತಿದ್ದರು. "ಕೇರಳದವರು ನಮ್ಮ ರೊಟ್ಟಿಗೆ ಕೊಟ್ಟದ್ದು."

ಆರು ತಿಂಗಳ ಮೇಲೆ ಕೇರಳದ ನರ್ಸಮ್ಮ ಒಬ್ಬರು ರೊಟ್ಟಿ ಒಯ್ಯಲು ನಮ್ಮ ಮನೆಗೆ ಬಂದರು. ಬಾಗೇವಾಡಿಯಲ್ಲಿ ಕೆಲಸ, ಕನ್ನಡ ಚೆನ್ನಾಗಿ ಬರುತ್ತಿತ್ತು. ಗೋಡೆಯ ಮೇಲಿನ ಪತ್ರವನ್ನು ಓದಿ ಅತ್ತಿಯನ್ನು ಬಹಳ ಗೌರವದಿಂದ ಕೇಳಿದರು, "ಅಜ್ಜಿ, ನೀವು ಯಾವ ವಾದ್ಯ ಬಾರಿಸ್ತೀರಿ?"

"ವಾದ್ಯ ಎಲ್ಲೀದವ್ವಾ?"

"ಇದರಲ್ಲಿ ಬರೆದಿದೆಯಲ್ಲ. ತಾಳವಾದ್ಯದಲ್ಲಿ ವಿಶೇಷ ಬಹುಮಾನ ಅಂತ."

ನನಗೆ ಅತ್ತಿಯ ಮುಖ ನೋಡುವ ಧೈರ್ಯವಾಗಲಿಲ್ಲ. ಆರು ತಿಂಗಳು ಊರೆಲ್ಲ ಹೇಳಿಕೊಂಡು ತಿರುಗಿದ್ದು. ಅತ್ತಿ ಎದ್ದು ಆ ಪತ್ರದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿ ಚಿಂತೆಯ ದನಿಯಲ್ಲಿ ಕೇಳಿದರು,

"ಹಂಗಾರ ಆ ಚೆಂಡಿಯವಗ ರೊಟ್ಟಿ ಬಹುಮಾನ ಕೊಟ್ಟಿರಬೇಕಲ್ಲವ್ವಾ?"