ಬಂಗಾರದ ನೀರುನಾಯಿ

ಅರವತ್ತು ದಾಟಿದವರು ವಿಡಿಯೋ ಗೇಮ್ ಆಡಬಾರದೆಂದು ಯಾವ ಶಾಸ್ತ್ರದಲ್ಲಿಯೂ ಬರೆದಿಲ್ಲ. ನಮ್ಮ ಇಗರ್ಜಿಯ ಪಾದ್ರಿಗಳು ಪ್ರವಚನದಲ್ಲಿ ಹೇಳಿದ್ದೂ ನಾನು ಕೇಳಿಲ್ಲ. ಆದರೂ ಆಡುತ್ತಿರುವಾಗ ಗೇಟಿನ ಶಬ್ದವಾದರೆ ಸಾಕು, ನಾನು ತಟ್ಟನೆ ಟಿ.ವಿ.ಯನ್ನು ವಾರ್ತೆಗೆ ತಿರುಗಿಸುತ್ತೇನೆ. ಕಾಯಿಲೆಯವನನ್ನು ನೋಡಲು ಬರುವವರಿಗೂ ಒಂದು ನಿರೀಕ್ಷೆ ಇರುತ್ತದೆ, ಅಲ್ವಾ? ಅವರು ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಚೌಕಾಸಿ ಮಾಡಿ ಮೂಸಂಬಿ ತಂದಿರುತ್ತಾರೆ, ಕಾಪು ಪೇಟೆಯಲ್ಲಿ ಇಳಿಯುವಾಗಲೇ ಮುಖ ಸಣ್ಣ ಮಾಡಿಕೊಂಡಿರುತ್ತಾರೆ. ಒಳಗೆ ಬಂದು ನೋಡಿದರೆ ರೋಗಿ ಕಾಲು ಮಡಚಿ ಕುಳಿತು ಒಂದು ನೀರುನಾಯಿಯನ್ನು ಹೊಂಡ ಹಾರಿಸುತ್ತಿದ್ದಾನೆ ಎಂದಾದರೆ ಅವರ ಮೂಸಂಬಿಗೆ ಎಂಥ ಅವಮಾನ!

ನನ್ನ ಕಾಯಿಲೆ ರಕ್ತದ್ದು. ಹೆಸರು ಉದ್ದ ಉಂಟು, ಹೇಳುವಷ್ಟರಲ್ಲಿ ದಣಿವಾಗುತ್ತದೆ. ಮಣಿಪಾಲದ ಡಾಕ್ಟರು ಒಳ್ಳೆಯವರು, ಕಾಗದದ ಮೇಲೆ ಚಿತ್ರ ಬಿಡಿಸಿ ಎಲ್ಲ ವಿವರಿಸಿದರು. "ಗುಣ ಆಗ್ತದಾ ಡಾಕ್ಟ್ರೇ?" ಎಂದು ಕೇಳಿದ್ದಕ್ಕೆ, "ಹಿಡಿತದಲ್ಲಿ ಇಡುವ" ಎಂದರು. ಆ ಮಾತಿನ ಅರ್ಥ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಹರೈನಿನಲ್ಲಿ ಅರ್ಧ ಆಯುಷ್ಯ ಎ.ಸಿ. ರಿಪೇರಿ ಮಾಡಿದವನು ನಾನು. ಹಳೆಯ ಕಂಪ್ರೆಸರಿನ ವಿಷಯದಲ್ಲಿ ಗಿರಾಕಿಗಳಿಗೆ ನಾನೂ ಅದನ್ನೇ ಹೇಳುತ್ತಿದ್ದೆ.

ಇಂಜೆಕ್ಷನ್ನಿನ ಜೊತೆಗೆ ನನಗೊಂದು ಸ್ಟಿರಾಯ್ಡ್ ಮಾತ್ರೆ ಉಂಟು. ನೋಡಲು ಬಡಪಾಯಿ, ಬಿಳಿ, ಶರ್ಟಿನ ಗುಂಡಿಗಿಂತಲೂ ಸಣ್ಣದು. ಪ್ರತಿದಿನ ಬೆಳಿಗ್ಗೆ ನುಂಗಬೇಕು, ಇಂಜೆಕ್ಷನ್ನಿನ ದಿನ ಹೆಚ್ಚು ನುಂಗಬೇಕು. ಹೆಚ್ಚು ನುಂಗಿದ ದಿನ ನೀವು ನನ್ನನ್ನು ನೋಡಬೇಕು ಮಾರಾಯ್ರೆ! ಹಾಸಿಗೆಯಿಂದ ಏಳಲು ಗೋಡೆ ಹಿಡಿಯುತ್ತಿದ್ದ ಮನುಷ್ಯ ಗೇಟಿಗೆ ಪೇಂಟ್ ಹೊಡೆಯುತ್ತಾನೆ, ಬಂಗುಡೆ ಸಾರಿಗೆ ಉಪ್ಪು ಸಾಲದೆಂದು ಜಗಳಕ್ಕೆ ನಿಲ್ಲುತ್ತಾನೆ, ಪಕ್ಕದ ಮನೆಯವರಿಗೆ ಕೇಳುವ ಹಾಗೆ ಜಪಸರದ ಪ್ರಾರ್ಥನೆ ನಡೆಸುತ್ತಾನೆ. ಮುಖ ಹುಣ್ಣಿಮೆಯ ಚಂದ್ರ. ನನ್ನ ಹೆಂಡತಿ ಸೆವ್ರಿನ್ ಹೇಳುವ ಪ್ರಕಾರ, ಮದುವೆಯಾದ ಹೊಸತಿನಲ್ಲಿಯೂ ನಾನು ಇಷ್ಟು ಚುರುಕಾಗಿರಲಿಲ್ಲವಂತೆ. ಒಂದೆರಡು ದಿನ ಈ ವೈಭವ. ಆಮೇಲೆ ಗಾಳಿ ಹೋದ ಟಯರು, ಪುನಃ ಗೋಡೆಯೇ ಗತಿ.

ಈ ನೀರುನಾಯಿ ನಮ್ಮ ಮನೆಗೆ ಬಂದದ್ದು ನನ್ನ ಮಗಳು ಪ್ರೆಸಿಲ್ಲಾಳಿಗಾಗಿ. ಅವಳು ಶಾಲೆಗೆ ಹೋಗುವಾಗ ನಾನು ರಜೆಯಲ್ಲಿ ಬರುತ್ತಾ ಗೇಮಿನ ಪೆಟ್ಟಿಗೆ ತಂದೆ, ಆಮೇಲೆ ಪ್ರತಿ ರಜೆಗೂ ಆ ಆಟದ ಒಂದೊಂದು ಭಾಗ. ಕಥೆ ಹೆಚ್ಚೇನಿಲ್ಲ. ಬೂದು ಬಣ್ಣದ ಒಂದು ನೀರುನಾಯಿ, ಹೊಳೆಯಲ್ಲಿ ಮೀನು ಹಿಡಿದುಕೊಂಡು ಸುಖವಾಗಿರುವುದನ್ನು ಬಿಟ್ಟು, ಓಡಿ ಹಾರಿ ನಾಣ್ಯ ಹೆಕ್ಕುತ್ತದೆ, ಗುಟ್ಟಿನ ಜಾಗಗಳಲ್ಲಿರುವ ಹಸಿರು ಕಲ್ಲುಗಳನ್ನು ಕೂಡಿಸುತ್ತದೆ. ಹಿಂದೆ ಒಂದು ಕಾಗೆ. ನೀರುನಾಯಿ ಪ್ರೆಸಿಲ್ಲಾಳ ಕೈಯಲ್ಲಿ, ಕಾಗೆ ನನ್ನ ಕೈಯಲ್ಲಿ. ಈ ಕಾಗೆಯ ವಿಶೇಷವೆಂದರೆ, ಅದನ್ನು ಎಷ್ಟು ಸಲ ಹೊಂಡಕ್ಕೆ ಬೀಳಿಸಿದರೂ ಸಾಯುವುದಿಲ್ಲ, ಸ್ವಲ್ಪ ಹೊತ್ತಿನಲ್ಲಿ ಮೇಲಿನಿಂದ ಹಾರಿಕೊಂಡು ಬರುತ್ತದೆ. "ಕಾಗೆ ಅಂದ್ರೆ ಪಪ್ಪ. ಕಾಣದೆ ಹೋಗ್ತದೆ, ಮತ್ತೆ ವಿಮಾನದಲ್ಲಿ ಬರ್ತದೆ" ಎಂದಿದ್ದಳು ಆಗ. ಎಲ್ಲರೂ ನಕ್ಕಿದ್ದರು. ನಾನೂ ನಕ್ಕೆ, ಆದರೆ ವಾಪಸು ಹೋಗುವಾಗ ವಿಮಾನದಲ್ಲಿ ಕೊಟ್ಟ ಊಟವನ್ನು ತೆರೆಯದೆಯೇ ಹಿಂದೆ ಕೊಟ್ಟೆ.

ಕಾಯಿಲೆಯಿಂದ ಮನೆಯಲ್ಲಿ ಕುಳಿತ ಮೇಲೆ ಆ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಎಲ್ಲ ಭಾಗಗಳನ್ನೂ ಮೊದಲಿನಿಂದ ಆಡತೊಡಗಿದೆ. ಆಗ ಗೊತ್ತಾಯಿತು, ಆ ಆಟದ ಜೀವಾಳ ಇರುವುದು ಬಂಗಾರದಲ್ಲಿ. ಮೊದಲ ಭಾಗದಲ್ಲಿ ಬಂಗಾರವಿಲ್ಲ. ಕಲ್ಲುಗಳನ್ನೆಲ್ಲ ಕೂಡಿಸಿದರೆ ಕೊನೆಯಲ್ಲಿ ಒಂದು ಹೂವಿನ ಚಿತ್ರ ತೋರಿಸಿ ಕಳಿಸುತ್ತಾರೆ, ನಿವೃತ್ತರಾದವರಿಗೆ ಗೋಡೆ ಗಡಿಯಾರ ಕೊಟ್ಟ ಹಾಗೆ. ಎರಡನೆಯ ಭಾಗದಲ್ಲಿ ಕಲ್ಲು ಪೂರ್ತಿಯಾಗಿ, ಕೈತುಂಬ ನಾಣ್ಯವಿದ್ದು, ಒಂದು ಸಲ ಹಾರಿದರೆ ನೀರುನಾಯಿ ಬಂಗಾರವಾಗುತ್ತದೆ. ರೋಮ ಎಲ್ಲ ನಿಮಿರಿ, ಮೈಯಿಂದ ಕಿಡಿ ಹಾರುತ್ತದೆ. ಮುಳ್ಳು ಚುಚ್ಚುವುದಿಲ್ಲ, ಬೆಂಕಿ ಸುಡುವುದಿಲ್ಲ, ವೈರಿ ಮುಟ್ಟಿದರೆ ವೈರಿಯೇ ಸಾಯುತ್ತಾನೆ. ಆದರೆ ಆ ಹೊತ್ತಿನಿಂದ ನಾಣ್ಯ ಒಂದೊಂದೇ ಕರಗುತ್ತಾ ಹೋಗುತ್ತದೆ, ಮುಗಿದ ಕೂಡಲೇ ಪುನಃ ಬೂದು. ಮತ್ತೆ ಒಂದು ಮಾತು: ಬಂಗಾರವಾಗಿದ್ದರೂ ಹೊಂಡಕ್ಕೆ ಬಿದ್ದರೆ ಸತ್ತ. ಇದರಲ್ಲಿನ ದೊಡ್ಡ ಉಪದ್ರವೆಂದರೆ, ಬಂಗಾರ ಬೇಕೋ ಬೇಡವೋ ಎಂದು ಅದು ನಿಮ್ಮನ್ನು ಕೇಳುವುದಿಲ್ಲ. ಸುಮ್ಮನೆ ಒಂದು ಮೆಟ್ಟಿಲು ಹತ್ತಲು ಹಾರಿದರೂ ಬಂಗಾರವೇ. ಬೇಡದ ಜಾಗದಲ್ಲಿ ಎಲ್ಲ ಖರ್ಚಾಗಿ, ದೊಡ್ಡ ವೈರಿ ಎದುರಾಗುವಾಗ ನೀವು ಬೂದು. ನನ್ನ ಮಾತ್ರೆಯೂ ಹೀಗೆಯೇ ಅಲ್ವಾ ಎಂದು ನನಗೆ ಹೊಳೆದದ್ದು ಆಗಲೇ.

ಮೂರನೆಯ ಭಾಗ ಮಾಡಿದವನಿಗೆ ಬುದ್ಧಿ ಉಂಟು. ಅವನು ಬಂಗಾರವಾಗಲು ಒತ್ತುವ ಗುಂಡಿಯೊಂದನ್ನು ಇಟ್ಟಿದ್ದಾನೆ. ಕೂಡಿಡು, ಕಾದಿರು, ಬೇಕಾದ ಹೊತ್ತಿಗೆ ಒತ್ತು. ಐದನೆಯದರಲ್ಲಂತೂ ನೀರುನಾಯಿ, ಕಾಗೆ, ದಾರಿಯಲ್ಲಿ ಸಿಕ್ಕಿದ ಆಮೆ, ಎಲ್ಲರೂ ಬಂಗಾರವಾಗುತ್ತಾರೆ, ನಮ್ಮ ಊರಿನ ಸಮಾರಂಭಗಳಲ್ಲಿ ಸನ್ಮಾನದ ಶಾಲು ಸಿಕ್ಕುವ ಹಾಗೆ. ಅದು ನನಗೆ ಹಿಡಿಸಲಿಲ್ಲ. ನನಗೆ ಮೂರನೆಯದೇ ಸರಿ ಕಂಡಿತು, ಯಾಕೆಂದರೆ ಅಷ್ಟರಲ್ಲಿ ಪ್ರೆಸಿಲ್ಲಾಳ ಮದುವೆ ನಿಶ್ಚಯವಾಗಿತ್ತು. ಹುಡುಗ ಬಜಗೋಳಿಯವನು, ಅಲ್ಲಿ ಟಯರ್ ಅಂಗಡಿ. ಮದುವೆ ನವೆಂಬರಿನಲ್ಲಿ.

ನಮ್ಮಲ್ಲಿ ಮದುವೆಯ ಮುನ್ನಾದಿನ ಸಂಜೆ ರೋಸ್ ಎಂಬ ಕ್ರಮ ಉಂಟು. ಮದುಮಗಳನ್ನು ಚಪ್ಪರದಲ್ಲಿ ಕೂರಿಸಿ, ಹೆಬ್ಬೆರಳನ್ನು ತೆಂಗಿನೆಣ್ಣೆಯಲ್ಲಿ ಅದ್ದಿ ಹಣೆಗೆ ಶಿಲುಬೆಯ ಗುರುತು ಬರೆದು, ತಲೆಗೆ ತೆಂಗಿನ ಹಾಲು ಹೊಯ್ಯುವುದು. ಮೊದಲ ಶಿಲುಬೆ ಅಪ್ಪ ಅಮ್ಮನದು. ಆಮೇಲೆ ಕೇರಿಯವರೆಲ್ಲ ಸರದಿಯಲ್ಲಿ ಬಂದು ಹೊಯ್ದು ಹೊಯ್ದು ಅವಳನ್ನು ತೊಪ್ಪೆ ಮಾಡುತ್ತಾರೆ. ಅಪ್ಪನಾದವನು ನಾಲ್ಕು ಮಾತಾಡಬೇಕು, ಹಿರಿಯರಿಗೆ ನಮಸ್ಕರಿಸಬೇಕು. ಕುಳಿತು ಆಗುವ ಕೆಲಸವಲ್ಲ. ಅವಳ ಮೊದಲ ಕ್ರಿಸ್ತಪ್ರಸಾದಕ್ಕೆ ನಾನಿರಲಿಲ್ಲ, ಅವಳು ಪದವಿ ಪಡೆದಾಗ ಫೋನಿನಲ್ಲಿ ಚಪ್ಪಾಳೆ ತಟ್ಟಿದವನು ನಾನು. ರೋಸಿಗೂ ಗೋಡೆ ಹಿಡಿದುಕೊಂಡು ಬರುವುದೆಂದರೆ! ಚಪ್ಪರದಲ್ಲಿ ಗೋಡೆ ಎಲ್ಲಿಂದ ಬರಬೇಕು?

ಹಾಗಾಗಿ ನಾನು ಮೂರನೆಯ ಭಾಗದ ಪದ್ಧತಿಗೆ ಇಳಿದೆ. ಮದುವೆಗೆ ವಾರ ಇರುವಾಗಲೇ ಮಾತ್ರೆ ನುಂಗಿದ ಹಾಗೆ ಮಾಡಿ ಕೂಡಿಡತೊಡಗಿದೆ, ಆ ಮೂರನೆಯ ಭಾಗದ ಆಟ ಬಂದಿದ್ದ ಡಬ್ಬಿಯ ಒಳಗೆಯೇ. ರೋಸಿನ ಮಧ್ಯಾಹ್ನ ಎಲ್ಲ ಒಟ್ಟಿಗೆ ನುಂಗುವುದು, ಸಂಜೆಗೆ ಬಂಗಾರ. "ಈ ಮಾತ್ರೆ ಮಧ್ಯದಲ್ಲಿ ನಿಲ್ಲಿಸಿದರೆ ಜೀವಕ್ಕೆ ಅಪಾಯ" ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ನಾನು ನಿಲ್ಲಿಸಿರಲಿಲ್ಲವಲ್ಲ, ಮುಂದೆ ಹಾಕಿದ್ದು ಅಷ್ಟೇ. ದಿನದಿಂದ ದಿನಕ್ಕೆ ಕಾಲು ಸೋತಿತು, ಅನ್ನ ಕಂಡರೆ ವಾಕರಿಕೆ. ಮದುವೆಯ ಗಡಿಬಿಡಿಯಲ್ಲಿ ಅದನ್ನು ಯಾರಿಗೂ ತೋರಗೊಡಲಿಲ್ಲ. ಡಬ್ಬಿ ಅಲುಗಿಸಿದರೆ ಗಲಗಲ ಎನ್ನುತ್ತಿತ್ತು, ಅದನ್ನು ಕೇಳಿ ಧೈರ್ಯ ತಂದುಕೊಳ್ಳುತ್ತಿದ್ದೆ.

ರೋಸಿನ ದಿನ ಬೆಳಿಗ್ಗೆ ಚಪ್ಪರದವರಿಗೆ ಹಗ್ಗ ಎಲ್ಲಿ ಕಟ್ಟಬೇಕೆಂದು ತೋರಿಸಲು ಅಂಗಳಕ್ಕೆ ಇಳಿದವನು ಕೈ ಎತ್ತಿದ್ದು ನೆನಪು ಉಂಟು. ಆಮೇಲಿನ ನೆನಪು ನನ್ನ ತಮ್ಮ ವಲೇರಿಯನನ ಕಾರಿನ ಮೇಲ್ಛಾವಣಿಯದು, ಮತ್ತೆ ಮಣಿಪಾಲದ ಆಸ್ಪತ್ರೆಯ ಟ್ಯೂಬ್‌ಲೈಟಿನದು. ರಕ್ತದೊತ್ತಡ ಪಾತಾಳಕ್ಕೆ ಇಳಿದಿತ್ತಂತೆ. "ಮಾತ್ರೆ ನಿಲ್ಲಿಸಲು ನಿಮಗೆ ಯಾರು ಹೇಳಿದ್ದು?" ಎಂದು ಡಾಕ್ಟರು ಸಿಟ್ಟಿನಿಂದ ಕೇಳಿದರು. ನೀರುನಾಯಿ ಎಂದು ಹೇಳಲು ನಾಲಿಗೆ ಏಳಲಿಲ್ಲ. ಸೆವ್ರಿನ್ ನನ್ನ ಕಾಲ ಬಳಿ ನಿಂತಿದ್ದಳು. ಬೈಯದಿರುವ ಸೆವ್ರಿನಳನ್ನು ನಾನು ಅದುವರೆಗೆ ನೋಡಿರಲಿಲ್ಲ, ಅದನ್ನು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು. ಮದುವೆ ಮುಂದೆ ಹಾಕುವ ಎಂದು ವಲೇರಿಯನ್ ಮೆಲ್ಲಗೆ ಎತ್ತಿದ. ನಾನು ಬೇಡ ಎಂದು ಕೈಯಾಡಿಸಿದೆ. ಹಾಲು ಹಿಂಡಲು ತೆಂಗಿನಕಾಯಿ ತುರಿದಾಗಿತ್ತು, ಬಜಗೋಳಿಯಲ್ಲಿ ಹುಡುಗನ ಕಡೆಯವರದ್ದೂ ತುರಿದಿರಬೇಕು.

ಅವರೆಲ್ಲ ಮನೆಗೆ ಹೋದರು. ನನಗೆ ಅದೇ ಸ್ಟಿರಾಯ್ಡನ್ನು ರಕ್ತನಾಳಕ್ಕೆ ಕೊಟ್ಟಿದ್ದರು. ಸಂಜೆ, ಸರಿಯಾಗಿ ರೋಸಿನ ಹೊತ್ತಿಗೆ, ನಾನು ಬಂಗಾರವಾದೆ. ಹೌದು, ಆಸ್ಪತ್ರೆಯ ಮಂಚದಲ್ಲಿ, ಕೈಗೆ ಸೂಜಿ ಚುಚ್ಚಿಕೊಂಡು, ಹಿಂದೆ ದಾರ ಕಟ್ಟುವ ಆ ಅಂಗಿಯಲ್ಲಿ. ಸೆವ್ರಿನ್ ವಿಡಿಯೋ ಕಾಲ್ ಮಾಡಿದಳು. ಪ್ರೆಸಿಲ್ಲಾಳ ಹಣೆ ಕಂಡಿತು. ವಲೇರಿಯನನ ಹೆಬ್ಬೆರಳು ಕಂಡಿತು. "ಎಣ್ಣೆ ಸಾಕಾಗ್ಲಿಲ್ಲ! ಸರಿಯಾಗಿ ಅದ್ದು!" ಎಂದು ನಾನು ಇಲ್ಲಿಂದ ಬೊಬ್ಬೆ ಹೊಡೆದೆ, ನರ್ಸ್ ಓಡಿ ಬಂದಳು. ಅಷ್ಟರಲ್ಲಿ ಯಾರೋ ಹೊಯ್ದ ಹಾಲು ಫೋನಿನ ಮೇಲೆ ಬಿದ್ದು ಪರದೆಯೆಲ್ಲ ಬೆಳ್ಳಗಾಯಿತು, ಕಾಲ್ ಕಟ್ಟಾಯಿತು.

ಮೈಯಲ್ಲಿ ಶಕ್ತಿ ಉಕ್ಕುತ್ತಿದೆ, ಬಾಯಲ್ಲಿ ಭಾಷಣ ತಯಾರಾಗಿದೆ, ಎದುರಿಗೆ ಜನ ಇಲ್ಲ. ಪಕ್ಕದ ಮಂಚದಲ್ಲಿ ಹೂಡೆಯ ಹಸನಬ್ಬ ಎಂಬ ಹಿರಿಯರಿದ್ದರು, ಕಾಲಿಗೆ ಪಟ್ಟಿ. ಮಂಚದಲ್ಲಿ ಎದ್ದು ಕುಳಿತು ಅವರಿಗೇ ಭಾಷಣ ಮಾಡಿದೆ. ನೆರೆಕರೆಯವರಿಗೆ ವಂದಿಸಿದೆ, ಸತ್ತ ಅಪ್ಪ ಅಮ್ಮನನ್ನು ಸ್ಮರಿಸಿದೆ, ಮಗಳು ಹುಟ್ಟಿದ ಸುದ್ದಿ ನನಗೆ ಬಹರೈನಿನಲ್ಲಿ ತಂತಿಯಲ್ಲಿ ಬಂದದ್ದನ್ನು ಹೇಳಿದೆ. ಹಸನಬ್ಬ ಪೂರ್ತಿ ಕೇಳಿದರು.

"ಒಳ್ಳೆ ಮಾತು. ಮದುವೆ ಯಾರದ್ದು?" ಎಂದರು.

"ನನ್ನ ಮಗಳದ್ದು."

"ಮತ್ತೆ ನೀವು ಇಲ್ಲಿ ಎಂತ ಮಾಡ್ತಾ ಇದ್ದೀರಿ ಮಾರಾಯ್ರೆ?"

ನಾನು ಅತ್ತುಬಿಟ್ಟೆ. ಬಂಗಾರದ ಮೈಗೆ ಮುಳ್ಳು ಚುಚ್ಚುವುದಿಲ್ಲವೆಂದು ಆಟದಲ್ಲಿ ತೋರಿಸುವುದು ಶುದ್ಧ ಸುಳ್ಳು. ಹಸನಬ್ಬ ಗಾಬರಿಯಾಗಿ ತಮ್ಮ ತಟ್ಟೆಯಲ್ಲಿದ್ದ ಖರ್ಜೂರ ಕೊಟ್ಟರು. ಮರುದಿನ ಮಗಳನ್ನು ಗಂಡಿನ ಮನೆಯವರಿಗೆ ಒಪ್ಪಿಸಿಕೊಡುವ ಮಾತನ್ನೂ ವಲೇರಿಯನನೇ ಆಡಿದ. ಚೆನ್ನಾಗಿ ಆಡಿದನಂತೆ. ಅದೂ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ.

ನಾನು ಮನೆಗೆ ಬಂದ ಮೇಲೆ ಮಗಳು ಅಳಿಯ ಬಂದರು. ಪ್ರೆಸಿಲ್ಲಾ ಅಡುಗೆಮನೆಗೆ ಹೋಗಿ ಬಟ್ಟಲಲ್ಲಿ ತೆಂಗಿನೆಣ್ಣೆ ತಂದು ನನ್ನ ಮಂಚದ ಬಳಿ ಮೊಣಕಾಲೂರಿದಳು. "ಪಪ್ಪಾ, ನನ್ನ ಶಿಲುಬೆ ಬಾಕಿ ಉಂಟು" ಎಂದಳು. ಮದುವೆಯಾದವಳಿಗೆ ರೋಸ್ ಇಲ್ಲ ಎಂದು ಹೇಳಬೇಕಾದ ಸೆವ್ರಿನ್ ಕಿಟಕಿಯ ಹೊರಗೆ ನೋಡುತ್ತಾ ನಿಂತಳು. ನನ್ನ ಹೆಬ್ಬೆರಳು ಜಾರಿ ಎಣ್ಣೆಯ ಗೆರೆ ಹಣೆಯಿಂದ ಮೂಗಿನ ತುದಿವರೆಗೆ ಇಳಿಯಿತು. "ಇದು ಶಿಲುಬೆ ಅಲ್ಲ, ಕಾಪುವಿನ ಲೈಟ್‌ಹೌಸ್" ಎಂದಳು ಸೆವ್ರಿನ್, ಕಣ್ಣು ಒರೆಸಿಕೊಂಡು.

ಆಮೇಲೆ ಇಬ್ಬರೂ ಎರಡನೆಯ ಭಾಗ ಆಡಿದೆವು. ನೀರುನಾಯಿ ಅವಳದು, ಕಾಗೆ ನನ್ನದು. ಬೆರಳು ಮಾತು ಕೇಳದೆ ನಾನು ಮೊದಲ ಹೊಂಡಕ್ಕೇ ಬಿದ್ದೆ. ಅವಳು ನೀರುನಾಯಿಯನ್ನು ಓಡಿಸದೆ ಅಲ್ಲಿಯೇ ನಿಲ್ಲಿಸಿಕೊಂಡು, ಮೂಗಿನ ಮೇಲಿನ ಎಣ್ಣೆಯನ್ನೂ ಒರೆಸದೆ, ಪರದೆಯ ಮೇಲ್ಭಾಗವನ್ನೇ ನೋಡುತ್ತಾ ಕುಳಿತಳು. "ಬಂತು" ಎಂದಳು. ಹೊರಡುವಾಗ, "ಕ್ರಿಸ್ಮಸ್‌ಗೆ ಬರ್ತೇವೆ ಪಪ್ಪಾ, ಬಾಕಿ ಆಗ ಆಡುವ" ಎಂದಳು. ಹೂಂ ಎಂದೆ. ಗೇಟು ಹಾಕಿದ ಶಬ್ದ ಕೇಳಿದ ಮೇಲೂ ನನಗೆ ಆ ಕ್ರಿಸ್ಮಸ್ ಎಂಬ ಶಬ್ದವೇ ಕಿವಿಯಲ್ಲಿ ನಿಂತಿತು.

ಬಂಗಾರದ ಲೆಕ್ಕಾಚಾರವನ್ನೂ ಡಬ್ಬಿಯ ಗುಟ್ಟನ್ನೂ ನಾನು ಒಪ್ಪಿಕೊಂಡ ಮೇಲೆ, ಈಗ ಮಾತ್ರೆ ಕೊಡುವುದು ಸೆವ್ರಿನ್ನೇ. ನುಂಗಿದ ಮೇಲೆ ಬಾಯಿ ತೆರೆದು ತೋರಿಸಬೇಕು, ನಾಲಿಗೆ ಎತ್ತಬೇಕು. ಆದರೆ ಕಳ್ಳನಿಗೊಂದು ಪಿಳ್ಳೆ ನೆವ. ಡಾಕ್ಟರು ಬೈದದ್ದು, ಟ್ಯೂಬ್‌ಲೈಟು, ಎಲ್ಲ ಮರೆತು ಒಂದು ದಿನ ಒಂದೇ ಒಂದು ಮಾತ್ರೆಯನ್ನು ದವಡೆಯ ಸಂದಿಯಲ್ಲಿ ಉಳಿಸಿಕೊಂಡೆ. ಒರೆಸಿ ಐದನೆಯ ಭಾಗದ ಡಬ್ಬಿಯಲ್ಲಿ ಇಟ್ಟೆ. ಕ್ರಿಸ್ಮಸ್‌ಗೆ ಬೇಕಾದೀತು ಎಂದು. ನನಗೆ ಹಿಡಿಸದ ಭಾಗ ಅದು, ಅದನ್ನು ಯಾರು ತೆರೆಯುತ್ತಾರೆ?

ಮರುದಿನ ಮಧ್ಯಾಹ್ನ ಮೆಲ್ಲಗೆ ತೆರೆದು ನೋಡಿದೆ. ಮಾತ್ರೆ ಇದ್ದ ಜಾಗದಲ್ಲಿ ಒಂದು ಬಿಳಿ ಪೆಪ್ಪರ್‌ಮಿಂಟ್ ಇತ್ತು.

"ಸಿಕ್ಕಿತಾ?" ಎಂದು ಅಡುಗೆಮನೆಯಿಂದ ಸ್ವರ ಬಂತು. ಹಿಂದೆಯೇ ಸೆವ್ರಿನ್ ಬಂದಳು, ಒಂದು ಕೈಯಲ್ಲಿ ನೀರು, ಇನ್ನೊಂದರಲ್ಲಿ ಅದೇ ಮಾತ್ರೆ. ಮಣಿಪಾಲದ ಮೌನ ಮುಗಿದಿತ್ತು, ದೇವರ ದಯೆ, ಅವಳು ಬೈಯುತ್ತಿದ್ದಳು. "ಅರ್ಧ ಆಯುಷ್ಯ ಸಮುದ್ರದಾಚೆ ಇದ್ದಿರಿ. ಆಗ ನಿಮ್ಮ ಫೋಟೋಕ್ಕೆ ಊಟ ಹಾಕಿದವಳು ನಾನು. ಕ್ರಿಸ್ಮಸ್‌ಗೆ ನನಗೆ ಬಂಗಾರ ಬೇಡ, ತುಕ್ಕು ಹಿಡಿದ ಕಬ್ಬಿಣ ಸಾಕು. ಆದ್ರೆ ಇಲ್ಲೇ ಇರಿ, ಗೊತ್ತಾಯ್ತಾ? ಬಾಯಿ ತೆರೆಯಿರಿ."

ತೆರೆಯಲೇಬೇಕಾಯಿತು. ಸ್ಟಿರಾಯ್ಡಿನ ದೆಸೆಯಿಂದ ಸಕ್ಕರೆ ಕಾಯಿಲೆಯೂ ಬಂದಿರುವ ನನ್ನ ನಾಲಿಗೆಯ ಮೇಲೆ ಆ ಪೆಪ್ಪರ್‌ಮಿಂಟ್ ಆಗಲೇ ಅರ್ಧ ಕರಗಿತ್ತು.